ತುಂಬೆಯ ಹಾಲುಹಲ್ಲು

ಕಾಕ್ಕನಾಡು, ಕೊಚ್ಚಿ
೬ ಅಕ್ಟೋಬರ್ ೨೦೨೪

ಅಪ್ಪ,

ಕಾಗದ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ. ಕಿವಿಯ ಮಿಷಿನ್ನನ್ನು ಬೀರುವಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀರಂತೆ, ಅಜಿತಣ್ಣ ಹೇಳಿದ. ವಾಟ್ಸಾಪಿನಲ್ಲಿ ಬರೆದರೆ ಅಣ್ಣನೋ ಪ್ರತೀಕ್ಷಾ ಅತ್ತಿಗೆಯೋ ಓದಿ ಹೇಳಬೇಕು. ನನಗೆ ಅದು ಬೇಡ. ನಾನು ಕೇಳಬೇಕಾಗಿರುವುದು ಕುದುರೆಯ ವಿಷಯ. ಮೂವತ್ತು ವರ್ಷ ಮೈಸೂರಿನ ಅಶ್ವದಳದಲ್ಲಿ ಕುದುರೆ ಪಳಗಿಸಿದವರು ನೀವು. ನಿಮ್ಮನ್ನು ಬಿಟ್ಟು ಬೇರೆ ಯಾರನ್ನಾದರೂ ಕೇಳಲು ಆಗುತ್ತದೆಯೇ ಎಂದು ಒಂದು ತಿಂಗಳು ಯೋಚಿಸಿದೆ. ಆಗಲಿಲ್ಲ.

ನಮ್ಮ ಸವಾರಿ ಶಾಲೆಗೆ ಜೂನ್‌ನಲ್ಲಿ ಒಂದು ಎಳೆಯ ಹೆಣ್ಣು ಕುದುರೆ ಬಂದಿದೆ. ರೇಸಿಗೆಂದು ಬೆಳೆಸಿದ್ದು, ಓಟ ಸಾಲದೆಂದು ಮಾರಿದರು. ಕೆಂಚು ಮೈ, ಹಣೆಯ ಮೇಲೆ ತುಂಬೆ ಹೂವಿನಷ್ಟೇ ಬಿಳಿ. ತುಂಬೆ ಎಂದು ಹೆಸರಿಟ್ಟವಳು ನಾನು. ಓಣಂ ಹೂವಿನ ರಂಗೋಲಿಗೆ ಇಲ್ಲಿಯವರಿಗೂ ಅದೇ ಹೂವು ಬೇಕು, ಹೆಸರೂ ಹೆಚ್ಚುಕಡಿಮೆ ಅದೇ, ಹಾಗಾಗಿ ಯಾರೂ ತಕರಾರು ಮಾಡಲಿಲ್ಲ.

ಶಾಲೆಯ ಯಜಮಾನಿ ಜುಬೈದಾ. ಎಲ್ಲರಿಗೂ ಜುಬೈದಾತ್ತ, ಅಂದರೆ ಜುಬೈದಕ್ಕ. ನನ್ನನ್ನು ಕರೆಯುವುದು ಮೋಳೇ, ಮಗಳೇ ಎಂದು. ಜನವರಿ ಕೊನೆಗೆ ಕೊಯಮತ್ತೂರಿನಲ್ಲಿ ಸ್ಪರ್ಧೆ ಇದೆ, ನಾಲ್ಕು ವರ್ಷದ ಕುದುರೆಗಳಿಗೆಂದೇ ಒಂದು ಸುತ್ತು. ಹೊಸ ವರ್ಷಕ್ಕೆ ತುಂಬೆಗೆ ನಾಲ್ಕು. 'ಮೋಳೇ, ಅವಳನ್ನು ಹಾರೋದಕ್ಕೆ ತಯಾರು ಮಾಡು, ನೀನೇ ಓಡಿಸು' ಎಂದಿದ್ದಾರೆ. ಇಷ್ಟು ವರ್ಷ ಬೇರೆಯವರು ಪಳಗಿಸಿದ ಕುದುರೆಗಳನ್ನೇ ಹಾರಿಸಿದ್ದೇನೆ. ಮೊದಲಿನಿಂದ ನಾನೇ ಕಲಿಸುತ್ತಿರುವುದು ಇದೊಂದನ್ನೇ. ಇದರಲ್ಲಿ ಗೆದ್ದರೆ ನಾನು ಮಕ್ಕಳನ್ನು ಕೂರಿಸಿ ಕುದುರೆಯ ಹಗ್ಗ ಹಿಡಿದು ಸುತ್ತುವವಳಲ್ಲ, ಕುದುರೆ ತಯಾರು ಮಾಡುವವಳು ಎಂದಾಗುತ್ತದೆ.

ನೆಲದ ಮೇಲೆ ಕಂಬಗಳನ್ನಿಟ್ಟು ನಡೆಸುತ್ತಿದ್ದೇನೆ. ಎರಡು ದಾಟುತ್ತಾಳೆ, ಮೂರನೆಯದರ ಮುಂದೆ ನಿಂತು ಕಿವಿ ಹಿಂದಕ್ಕೆ ಮಾಡುತ್ತಾಳೆ. ಅಂಜುಬುರುಕಿ.

ಎಳೆಯ ಕುದುರೆಯನ್ನು ಹಾರಿಸಲು ಯಾವಾಗ ಶುರು ಮಾಡಬೇಕು? ಅಷ್ಟೇ ನನ್ನ ಪ್ರಶ್ನೆ.

ಜೀವಿತಾ


ಪಟ್ಟಂ, ತಿರುವನಂತಪುರ
೧೪ ಅಕ್ಟೋಬರ್ ೨೦೨೪

ಜೀವಿ,

ಕಾಗದ ಶುಕ್ರವಾರವೇ ಬಂತು. ಅನ್ವಿತಾ ತಂದುಕೊಟ್ಟು, 'ಅಪ್ಪೂಪ್ಪಾ, ಇದಾರಾ?' ಎಂದಳು, ಇದು ಯಾರು ಎಂದು. ತಾತ ಅನ್ನು ಎಂದರೆ ಅಪ್ಪೂಪ್ಪಾ ಅನ್ನುತ್ತದೆ ಆ ಹುಡುಗಿ. ನಾನು ಕನ್ನಡದಲ್ಲಿ ಬೈದರೆ ಅರ್ಥವಾಗುತ್ತದೆ, ತಿರುಗಿಸಿ ಬೈಯುವುದು ಮಲಯಾಳದಲ್ಲಿ. ಶನಿವಾರ ಟಿ.ವಿ.ಯಲ್ಲಿ ಜಂಬೂಸವಾರಿ ನೋಡಿದೆ. ಆನೆಯನ್ನೇ ತೋರಿಸಿ ತೋರಿಸಿ ಸಾಯುತ್ತಾರೆ, ಕುದುರೆಗಳ ಕಡೆಗೆ ಕ್ಯಾಮೆರಾ ತಿರುಗಿದ್ದು ಅರ್ಧ ನಿಮಿಷ. ಅದರಲ್ಲೂ ಎರಡನೇ ಸಾಲಿನ ಕುದುರೆಯ ಲಗಾಮು ವಿಪರೀತ ಬಿಗಿ.

ಈಗ ನಿನ್ನ ಕುದುರೆ. ಹೊಸ ವರ್ಷಕ್ಕೆ ನಾಲ್ಕು ಎಂದು ಬರೆದಿದ್ದೀಯ. ರೇಸ್ ಕುದುರೆಗಳಿಗೆಲ್ಲ ಜನವರಿ ಒಂದನೇ ತಾರೀಖೇ ಹುಟ್ಟಿದ ದಿನ, ಅದು ಅವರ ಪುಸ್ತಕದ ಲೆಕ್ಕ. ತಾಯಿ ಹೆತ್ತದ್ದು ಯಾವತ್ತು? ಅದನ್ನು ನೋಡು. ಕುದುರೆ ಹುಟ್ಟುವುದು ತಾಯಿಯ ಹೊಟ್ಟೆಯಿಂದ, ಪುಸ್ತಕದಿಂದಲ್ಲ.

ಆಮೇಲೆ ಬಾಯಿ ತೆಗೆಸಿ ನೋಡು. ದಾನ ಬಂದ ಎಮ್ಮೆಯ ಹಲ್ಲು ಎಣಿಸಬಾರದಂತೆ. ಕುದುರೆಯದನ್ನು ಮಾತ್ರ ಎಣಿಸಲೇಬೇಕು. ಮುಂದಿನ ಸಾಲಿನ ನಟ್ಟನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬಿದ್ದು ದೊಡ್ಡದು ಬರುತ್ತದೆ. ಅದರ ಪಕ್ಕದ್ದು ಮೂರೂವರೆಗೆ. ತುದಿಯದು ನಾಲ್ಕೂವರೆಗೆ. ಹಾಲುಹಲ್ಲು ಸಣ್ಣದು, ಬೆಳ್ಳಗಿರುತ್ತದೆ. ದೊಡ್ಡ ಹಲ್ಲು ಹಳದಿ, ಅಗಲ. ಪುಸ್ತಕ ಸುಳ್ಳು ಹೇಳಬಹುದು, ಬಾಯಿ ಹೇಳುವುದಿಲ್ಲ.

ಎಲುಬು ಗೊರಸಿನ ಕಡೆಯಿಂದ ಮೇಲಕ್ಕೆ ಗಟ್ಟಿಯಾಗುತ್ತಾ ಬರುತ್ತದೆ, ಬೆನ್ನು ಎಲ್ಲದಕ್ಕಿಂತ ಕೊನೆಗೆ. ಹಾರುವಾಗ ಕುದುರೆಗೆ ಏನೂ ಆಗುವುದಿಲ್ಲ ಕಣಮ್ಮ, ಇಳಿಯುವಾಗ ಆಗುವುದು. ತನ್ನ ಮೈ, ಮೇಲೆ ನೀನು, ಎಲ್ಲ ಭಾರವೂ ಎರಡು ಮುಂಗಾಲಿನ ಮೇಲೆ. ಅದಕ್ಕೇ ನಾಲ್ಕು ನಿಜವಾಗಿಯೂ ತುಂಬಲಿ ಎನ್ನುವುದು. ತುಂಬಿದ ಮೇಲೂ ಬರೀ ವಯಸ್ಸಾದರೆ ಸಾಲದು. ನೀನು ಉಸಿರು ಬಿಟ್ಟರೆ ಅವಳು ನಿಲ್ಲಬೇಕು. ಎರಡೂ ಕಡೆಗೆ ಒಂದೇ ಸಮನಾಗಿ ತಿರುಗಬೇಕು. ಕಂಬದ ಹತ್ತಿರ ಓಡಿದರೆ ಇನ್ನೂ ಆಗಿಲ್ಲ, ತಲೆ ತಗ್ಗಿಸಿ ನೋಡಿ ತಾನೇ ಕಾಲೆತ್ತಿದರೆ ಆಯಿತು. ಮಾರನೆಯ ಬೆಳಿಗ್ಗೆ ನಾಲ್ಕೂ ಕಾಲಿನ ಮೇಲೆ ಅಂಗೈ ಇಟ್ಟು ನೋಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡ. ಬಿಸಿಯಿದ್ದರೆ ಹಿಂದಿನ ದಿನ ನೀನು ತಪ್ಪು ಮಾಡಿದ್ದೀಯ.

ಮೂರನೆಯ ಕಂಬದ ಮುಂದೆ ನಿಂತರೆ ನಿಲ್ಲಲಿ ಬಿಡು. ಆ ಪದ ಬಳಸಬೇಡ. ಎಳೆಯದಕ್ಕೆ ಆ ಪದ ಬಳಸಬಾರದು.

ನಿನ್ನ ಎಡ ಮೊಣಕೈ ಹೇಗಿದೆ?

ಅಪ್ಪ


ಕಾಕ್ಕನಾಡು, ಕೊಚ್ಚಿ
೨೭ ಅಕ್ಟೋಬರ್ ೨೦೨೪

ಅಪ್ಪ,

ಪುಸ್ತಕ ತೆಗೆಸಿ ನೋಡಿದೆ. ಹೆತ್ತ ತಾರೀಖು ೨೦೨೧ರ ಮೇ ಇಪ್ಪತ್ತೆಂಟು. ಅಂದರೆ ಸ್ಪರ್ಧೆಯ ದಿನ ಅವಳಿಗೆ ಮೂರು ವರ್ಷ ಎಂಟು ತಿಂಗಳು. ಜನವರಿ ಒಂದರ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. ಈ ತಾರೀಖನ್ನೂ ಅವಳು ಬಂದ ದಿನವೇ ನೋಡಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸಬೇಕೆಂದು ಅನಿಸಿರಲಿಲ್ಲ, ಅಷ್ಟೇ.

ಬಾಯಿಯನ್ನೂ ನೋಡಿದೆ. ನಡುವಿನ ಜೋಡಿ ದೊಡ್ಡದು. ಪಕ್ಕದ್ದು ಹಾಲುಹಲ್ಲು, ಬೆರಳಿಟ್ಟರೆ ಅಲ್ಲಾಡುತ್ತದೆ.

ಜುಬೈದಾತ್ತನಿಗೆ ಹೇಳಿದೆ. 'ನಿಯಮದ ಪ್ರಕಾರ ನಾಲ್ಕಲ್ವಾ? ಅವಳ ವಯಸ್ಸಿನ ಬೇರೆ ಕುದುರೆಗಳೂ ಬರ್ತವಲ್ಲ?' ಎಂದರು. ಕೆಟ್ಟ ಹೆಂಗಸಲ್ಲ ಅಪ್ಪ. ಲಾಯದ ಪ್ರತಿ ಕುದುರೆಗೂ ಕೈಯಾರೆ ಬೆಲ್ಲ ತಿನ್ನಿಸುತ್ತಾರೆ. 'ನಿನಗೆ ಆಗಲ್ಲ ಅಂತಾದರೆ ಹೇಳು, ಬೇರೆ ಯಾರನ್ನಾದ್ರೂ ಕೂರಿಸೋಣ' ಎಂದೂ ಅಂದರು. ಹೆದರಿಸಲು ಹೇಳಿದ್ದಲ್ಲ, ನಿಜವಾಗಿಯೂ ಕೇಳಿದರು. ಅದೇ ಹೆಚ್ಚು ಚುಚ್ಚಿತು.

ಮೊಣಕೈ ಹಾಗೇ ಇದೆ. ಪೂರ್ತಿ ನೀಳವಾಗುವುದಿಲ್ಲ, ಎಡ ಲಗಾಮು ಯಾವಾಗಲೂ ಒಂದು ಗೇಣು ಗಿಡ್ಡ. ನೀವು ಕೇಳಿದ್ದಕ್ಕೆ ನಾನೂ ಒಂದು ಕೇಳುತ್ತೇನೆ. ಮರಿಯ ಎಲುಬು, ಹಲ್ಲು, ಉಸಿರು ಎಂದೆಲ್ಲ ಇಷ್ಟು ಚಂದ ಬರೆದಿದ್ದೀರಿ. ನನ್ನನ್ನು ನಿಮ್ಮ ಕುದುರೆ ಸರದಾರನ ಮೇಲೆ ಕೂರಿಸಿ ಆ ಮಕ್ಕಳ ಸ್ಪರ್ಧೆಗೆ ಇಳಿಸಿದಿರಲ್ಲ, ಆವತ್ತು ನನ್ನ ಹಲ್ಲು ನೋಡಿದಿರಾ? ಹತ್ತು ವರ್ಷದ ಮಕ್ಕಳೆಲ್ಲ ಹಾರಿದರು, ನಾನೊಬ್ಬಳು ಬಿದ್ದು ಈ ಮೊಣಕೈ ಮುರಿದುಕೊಂಡೆ. 'ಅಂಜುಬುರುಕಿ, ಅದಕ್ಕೇ ಬಿದ್ದಳು' ಎಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೀವು ಬಂದವರಿಗೆಲ್ಲ ಹೇಳಿದ್ದು ನನಗೆ ಒಳಗೆ ಕೇಳಿಸುತ್ತಿತ್ತು. ಆ ಪದ ಬಳಸಬೇಡ ಎಂದು ಈಗ ನನಗೆ ಬರೆಯುತ್ತೀರಿ.

ಒಂದೊಂದು ಜಂಪಿನ ಮುಂದೆ ಬಂದಾಗಲೂ ಇವತ್ತಿಗೂ ಆ ಮಾತು ಕೇಳಿಸುತ್ತದೆ ಅಪ್ಪ.

ಜೀವಿತಾ


ಪಟ್ಟಂ, ತಿರುವನಂತಪುರ
೧೨ ನವೆಂಬರ್ ೨೦೨೪

ಜೀವಿತಾ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ನೋಡಿದೆ. ನಿನ್ನ ಹಲ್ಲು ನೋಡಿದೆ, ನೀನು ಬಿದ್ದ ಮೇಲೆ. ಬಾಯಿಂದ ಒಂದು ಹಲ್ಲು ಉದುರಿತ್ತು. ನಿನ್ನ ಅಮ್ಮ ಅದನ್ನು ಮರಳಿನಲ್ಲಿ ಹುಡುಕಿ ತಂದು ನನ್ನ ಅಂಗೈ ಮೇಲಿಟ್ಟು, 'ನೋಡಿ, ಹಾಲುಹಲ್ಲು' ಎಂದಳು. ಇನ್ನೊಂದು ಮಾತು ಆಡಲಿಲ್ಲ. ಒಂದೂವರೆ ತಿಂಗಳು ಆಡಲಿಲ್ಲ.

ನಿನ್ನ ಸರ್ಟಿಫಿಕೇಟಿನ ತಾರೀಖು ಹೆಡ್ಮಾಸ್ಟರು ಬರೆದದ್ದು ಎಂದು ನೀನು ನಂಬಿದ್ದೀಯ. ಆಗ ಶಾಲೆಗೆ ಸೇರುವ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದವರು. ಅವರು ಬರೆದದ್ದು ಜೂನ್ ಒಂದು, ತೊಂಬತ್ತನೇ ಇಸವಿ. ನೀನು ಹುಟ್ಟಿದ್ದು ಅದೇ ವರ್ಷದ ಜುಲೈನಲ್ಲಿ, ಒಂದು ತಿಂಗಳಿನ ವ್ಯತ್ಯಾಸ, ಯಾರಿಗೂ ತೊಂದರೆಯಿರಲಿಲ್ಲ. ಅದನ್ನು ಎಂಬತ್ತೊಂಬತ್ತು ಮಾಡಿಸಿದವನು ನಾನು. ಸ್ಪರ್ಧೆಗೆ ಹತ್ತು ತುಂಬಿರಬೇಕು ಎಂದಿತ್ತು, ಶಾಲೆಯ ಕಾಗದ ಕೇಳಿದ್ದರು. ಹೆಡ್ಮಾಸ್ಟರು ನನಗೆ ಬೇಕಾದವರು. ಹೋದೆ, ಕೂತೆ, ಕಾಫಿ ಕುಡಿದೆ, ಮಾಡಿಸಿಕೊಂಡು ಬಂದೆ. ಆವತ್ತು ನಿನಗೆ ಒಂಬತ್ತು ವರ್ಷ ಮೂರು ತಿಂಗಳು.

ಯಾಕೆ ಎಂದರೆ ದೊಡ್ಡ ಕಾರಣವೇನೂ ಇಲ್ಲ. ನಮ್ಮ ದಳದ ಸಾಹೇಬರ ಮಗ ಸ್ಪರ್ಧೆಗೆ ಇಳಿಯುತ್ತಿದ್ದ. ನನ್ನ ಮಗಳು ಅವನಿಗಿಂತ ಚೆನ್ನಾಗಿ ಕೂರುತ್ತಾಳೆ ಎನ್ನುವ ಕೊಬ್ಬು. ನಿನ್ನ ಅಮ್ಮ ಬೇಡವೆಂದಳು. 'ಮಗು ಕಾಲೇ ಎಟುಕಲ್ಲ ಕಣ್ರೀ, ಮುಂದಿನ ವರ್ಷ ಆಗಲಿ' ಎಂದಳು. ಕಾಲು ಎಟುಕುತ್ತಿಲ್ಲ ಎಂದು ನನಗೂ ಗೊತ್ತಿತ್ತು. ಪಾದವಿಡುವ ರಿಕಾಪಿನ ಪಟ್ಟಿಗೆ ದಬ್ಬಳದಲ್ಲಿ ಇನ್ನೂ ಮೂರು ತೂತು ಕೊರೆದು ಗಿಡ್ಡ ಮಾಡಿದೆ. ಆದರೂ ನಿನ್ನ ಎಡ ಪಾದ ತುದಿಬೆರಳಲ್ಲೇ ನಿಂತಿತ್ತು. ಸರದಾರ ಸರಿಯಾಗಿ ಹಾರಿದ, ನೀನೂ ಸರಿಯಾಗಿ ಕೂತಿದ್ದೆ, ಇಳಿಯುವಾಗ ಪಾದ ಜಾರಿತು. ನೀನು ಕಣ್ಣು ಮುಚ್ಚಿರಲಿಲ್ಲ. ನಾನು ಬೇಲಿಯ ಪಕ್ಕದಲ್ಲೇ ಇದ್ದೆ, ನೋಡಿದ್ದೇನೆ.

ಹೆದರಿ ಬಿದ್ದಳು ಎಂದು ಹೇಳದಿದ್ದರೆ ಯಾಕೆ ಬಿದ್ದಳು ಎಂದು ಯಾರಾದರೂ ಕೇಳುತ್ತಿದ್ದರು. ಕೇಳಿದರೆ ವಯಸ್ಸಿನ ವಿಷಯ ಬರುತ್ತಿತ್ತು, ನನ್ನ ಕೆಲಸ ಹೋಗುತ್ತಿತ್ತು. ಅದಕ್ಕೆ ನಿನ್ನ ಮೇಲೆ ಹಾಕಿದೆ. ನಿನ್ನ ಅಮ್ಮ ಸಾಯುವವರೆಗೂ ಬಾಯಿ ಬಿಡಲಿಲ್ಲ. ಹೇಳಬೇಕಾದವರು ನೀವು ಎನ್ನುವಂತೆ ಒಂದೊಂದು ಸಲ ನನ್ನ ಮುಖ ನೋಡುತ್ತಿದ್ದಳು.

ಅನ್ವಿತಾಳಿಗೆ ಈಗ ಒಂಬತ್ತು. ಮೊನ್ನೆ ಸೋಫಾದ ಮೇಲೆ ಕೂತು ಮೊಬೈಲು ನೋಡುತ್ತಿತ್ತು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಆಡಿಸುತ್ತಾ ಕೂತಿತ್ತು. ನೋಡುತ್ತಾ ನನಗೆ ಕೂರಲಾಗಲಿಲ್ಲ, ಎದ್ದು ಹೊರಗೆ ಹೋದೆ.

ನೀನು ಅಂಜುಬುರುಕಿಯಲ್ಲ. ಆಗಿದ್ದವನು ನಾನು.

ಅಣ್ಣಪ್ಪ


ಪಟ್ಟಂ, ತಿರುವನಂತಪುರ
೨೨ ಡಿಸೆಂಬರ್ ೨೦೨೪

ಜೀವಿ,

ನನ್ನ ಕಾಗದಕ್ಕೆ ಉತ್ತರವಿಲ್ಲದೆ ಆರು ವಾರವಾಯಿತು. ನೀನು ಕ್ಷೇಮ ಎಂದು ಅಜಿತ ಹೇಳಿದ. ಬರೆಯಬೇಕೆಂದೇನೂ ಇಲ್ಲ. ದಿನಾ ಹನ್ನೊಂದಕ್ಕೆ ಕೆಳಗೆ ಹೋಗಿ ಅಂಚೆ ಪೆಟ್ಟಿಗೆ ನೋಡಿ ಬರುತ್ತೇನೆ, ಮಂಡಿಗೂ ವ್ಯಾಯಾಮ.

ಒಂದೇ ಮಾತು. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಜನವರಿಗೆ ಆ ಮರಿಯನ್ನು ಹಾರಿಸಬೇಡ.

ಅಪ್ಪ


ಕಾಕ್ಕನಾಡು, ಕೊಚ್ಚಿ
೧೯ ಜನವರಿ ೨೦೨೫

ಅಪ್ಪ,

ನಿಮ್ಮ ಕೊನೆಯ ಕಾಗದ ಒಂದು ತಿಂಗಳು ತಡವಾಗಿ ಬಂತು. ಅಂಚೆಯ ತಪ್ಪಲ್ಲ, ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ನವೆಂಬರ್ ಹದಿನೈದಕ್ಕೆ ನಿಮ್ಮ ದೊಡ್ಡ ಕಾಗದ ಕೈಗೆ ಸಿಕ್ಕಿತು. ಲಾಯದ ಮುಂದೆ ನಿಂತುಕೊಂಡೇ ಓದಿದೆ. ಅಳು ಬರಲಿಲ್ಲ. ತುಂಬೆಯ ಮೇಲೆ ಜೀನು ಹಾಕಿದೆ. ಮೊದಲು ಕಂಬವನ್ನು ಮೊಣಕಾಲೆತ್ತರಕ್ಕೆ ಇಟ್ಟೆ, ಹಾರಿದಳು. ತೊಡೆಯೆತ್ತರಕ್ಕೆ ಇಟ್ಟೆ, ಹಾರಿದಳು. ಆಮೇಲೆ ನನ್ನ ಸೊಂಟದೆತ್ತರಕ್ಕೆ. ಒಟ್ಟು ಹನ್ನೊಂದು ಸಲ. ಮೂರನೆಯ ಕಂಬದ ಮುಂದೆ ನಿಲ್ಲುತ್ತಿದ್ದವಳು ಆವತ್ತು ಒಂದು ಸಲವೂ ನಿಲ್ಲಲಿಲ್ಲ. ನಾನು ನಿಲ್ಲಲು ಬಿಡಲಿಲ್ಲ. ಇಪ್ಪತ್ತೈದು ವರ್ಷ ಸುಳ್ಳು ಪದವೊಂದನ್ನು ಹೊತ್ತು ತಿರುಗಿದೆನಲ್ಲ, ನಾನು ಅದಲ್ಲ ಎಂದು ಯಾರಿಗೋ ತೋರಿಸಬೇಕಿತ್ತು. ನೋಡಲು ಅಲ್ಲಿ ಯಾರೂ ಇರಲಿಲ್ಲ.

ಚೆನ್ನಾಗಿ ಹಾರಿದಳು ಅಪ್ಪ. ಅದೇ ಕಷ್ಟ. ಹಾರದೆ ಮೊಂಡು ಹಿಡಿದಿದ್ದರೆ ಒಳ್ಳೆಯದಿತ್ತು. ಪಾಪದ್ದು, ಕೇಳಿದಷ್ಟೂ ಕೊಟ್ಟಿತು.

ಮಾರನೆಯ ಬೆಳಿಗ್ಗೆ ಅಂಗೈ ಇಟ್ಟು ನೋಡಿದೆ. ಎಡ ಮುಂಗಾಲಿನ ಮೊಣಕಾಲು ಆಗತಾನೇ ಒಲೆಯಿಂದ ಇಳಿಸಿದ ಇಡ್ಲಿಪಾತ್ರೆಯಂತೆ ಬಿಸಿ. ಊರಲು ಆಗುತ್ತಿರಲಿಲ್ಲ. ಡಾಕ್ಟರು ಬಂದು ಎಕ್ಸ್‌ರೇ ತೆಗೆದರು. ದೇವರು ದೊಡ್ಡವನು, ಎಲುಬಿಗೆ ಏನೂ ಆಗಿಲ್ಲ, ಕೀಲು ಊದಿದೆ. ಎರಡು ತಿಂಗಳು ಬೆನ್ನ ಮೇಲೆ ಯಾರೂ ಕೂರುವಂತಿಲ್ಲ ಎಂದರು.

ಲಾಯದಲ್ಲಿ ಜಾರಿತು ಎಂದು ಹೇಳಬಹುದಿತ್ತು. ಹೇಳಲು ಬಾಯಿಯವರೆಗೂ ಬಂತು. ಅವಳೇ ಹೆದರಿ ಕಾಲು ತಪ್ಪಿದಳು ಎಂದರೂ ಜುಬೈದಾತ್ತ ನಂಬುತ್ತಿದ್ದರು. ಆಗ ನಿಮ್ಮ ನೆನಪಾಯಿತು, ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ನೀವು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವರು ತುಂಬೆಯ ಕಾಲ ಹತ್ತಿರ ಕೂತು ಊದಿದ ಕೀಲನ್ನು ಸವರಿದರು. 'ಮೋಳೇ, ಸಿಟ್ಟು ಬಂದ್ರೆ ನಾನು ಪಿಂಗಾಣಿ ಒಡೀತೀನಿ. ನೀನು ಇವಳ ಕಾಲಿಗೆ ಕೈ ಹಾಕಿದ್ಯಲ್ಲ' ಎಂದರು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಕೊಯಮತ್ತೂರು ರದ್ದು ಮಾಡಿದರು. ಮಾರ್ಚ್‌ವರೆಗೆ ನಾನು ಯಾವ ಕುದುರೆಯ ಜೀನನ್ನೂ ಮುಟ್ಟುವಂತಿಲ್ಲ, ತುಂಬೆಯ ಕಾಲಿಗೆ ತಣ್ಣೀರು ಬಿಡುವುದು, ಹಗ್ಗ ಹಿಡಿದು ನಡೆಸುವುದು, ಲದ್ದಿ ಎತ್ತುವುದು ಇಷ್ಟೇ ಕೆಲಸ. ಮಾಡುತ್ತಿದ್ದೇನೆ.

ಬರೀ ಸಿಟ್ಟಾಗಿದ್ದರೆ ಮೂರು ಸಲಕ್ಕೆ ನಿಲ್ಲಿಸುತ್ತಿದ್ದೆ. ನಾಲ್ಕನೆಯ ಸಲದಿಂದ ಹೆಮ್ಮೆಯಾಗತೊಡಗಿತು. ನನ್ನ ಕುದುರೆ, ನಾನು ಕಲಿಸಿದ್ದು, ನೋಡಿ ಹೇಗೆ ಹಾರುತ್ತದೆ ಎಂದು. ನಿಮ್ಮ ಕೊಬ್ಬು ಹೇಗಿತ್ತೆಂದು ಈಗ ಗೊತ್ತಾಯಿತು. ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ಗೊತ್ತಾಯಿತು, ಅಷ್ಟೇ ಹೇಳುತ್ತಿರುವುದು.

ಅಮ್ಮ ಒಂದೂವರೆ ತಿಂಗಳು ಮಾತು ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಮೊನ್ನೆ ಮತ್ತೆ ಓದಿದಾಗ ಅತ್ತುಬಿಟ್ಟೆ.

ತುಂಬೆಯ ಅಲ್ಲಾಡುತ್ತಿದ್ದ ಹಲ್ಲು ಡಿಸೆಂಬರ್‌ನಲ್ಲಿ ಬಿತ್ತು. ಹುಲ್ಲಿನ ತೊಟ್ಟಿಯಲ್ಲಿ ಸಿಕ್ಕಿತು, ಎತ್ತಿಟ್ಟಿದ್ದೇನೆ.

ಈಗ ಮುಂದೇನು ಮಾಡಬೇಕು, ಹೇಳಿ.

ಜೀವಿತಾ


ಪಟ್ಟಂ, ತಿರುವನಂತಪುರ
೨೭ ಜನವರಿ ೨೦೨೫

ಜೀವಿ,

ಎಲುಬಿಗೆ ಏನೂ ಆಗಿಲ್ಲ ಎನ್ನುವ ಸಾಲನ್ನು ಮೊದಲು ಹುಡುಕಿ ಓದಿದೆ, ಆಮೇಲೆ ಮೇಲಿನಿಂದ ಓದಿದೆ.

ನಡೆಸು. ಬರೀ ನಡೆಸು. ಗಟ್ಟಿ ನೆಲದ ಮೇಲೆ ಹತ್ತು ನಿಮಿಷ, ವಾರಕ್ಕೆ ಐದು ನಿಮಿಷ ಜಾಸ್ತಿ ಮಾಡು. ಜೀನು ಹಾಕುವ ದಿನ ಬಂದಾಗ ಡಾಕ್ಟರನ್ನು ಕೇಳು, ನನ್ನನ್ನಲ್ಲ. ಅವಳು ಆವತ್ತಿನದನ್ನು ಮರೆಯುವುದಿಲ್ಲ. ನಿನ್ನ ಕಾಲು ಬಿಗಿಯಾದರೆ ಸಾಕು, ಓಡುತ್ತಾಳೆ. ಬೈಯಬೇಡ. ನಾಲ್ಕು ನಿಜವಾಗಿ ತುಂಬುವವರೆಗೆ ಕಂಬ ನೆಲದ ಮೇಲೇ ಇರಲಿ. ಆಮೇಲೂ ಅವಳು ತಲೆ ತಗ್ಗಿಸಿ ನೋಡದಿದ್ದರೆ ಐದಾಗಲಿ. ಕುದುರೆ ಮೂವತ್ತು ವರ್ಷ ಬದುಕುತ್ತದೆ. ಒಂದು ವರ್ಷ ಕಾದರೆ ನಮ್ಮ ಗಂಟೇನೂ ಹೋಗುವುದಿಲ್ಲ. ಇದನ್ನು ಹೇಳುತ್ತಿರುವುದು ಯಾರು ಎಂದು ನೀನು ನಗಬಹುದು, ನಗು.

ಜುಬೈದಾ ಅವರಿಗೆ ನೀನು ನಿಜ ಹೇಳಿದೆಯಲ್ಲ, ಅದೊಂದು ನನ್ನಿಂದ ಆಗದ ಕೆಲಸ.

ನಿನ್ನ ಹಲ್ಲು ನನ್ನ ಹತ್ತಿರವೇ ಇದೆ. ಸೆಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯಬೇಕಿತ್ತು, ಬೇರೆ ಹಲ್ಲುಗಳನ್ನೆಲ್ಲ ಹಾಗೇ ಎಸೆದಿದ್ದೆವು. ಇದನ್ನು ಎಸೆಯಲು ಕೈ ಬರಲಿಲ್ಲ. ದಳದಲ್ಲಿ ನನಗೆ ಕೊಟ್ಟ ಪದಕದ ಡಬ್ಬಿಯಲ್ಲಿಟ್ಟೆ. ಪದಕವನ್ನು ಯಾರಿಗೋ ತೋರಿಸಲು ತೆಗೆದಾಗಲೆಲ್ಲ ಅದೂ ಕಾಣುತ್ತಿತ್ತು, ಆಮೇಲೆ ತೋರಿಸುವುದನ್ನೇ ಬಿಟ್ಟೆ. ಈಗ ಎಸೆಯೋಣವೆಂದರೆ ಈ ಫ್ಲ್ಯಾಟಿಗೆ ಹೆಂಚೂ ಇಲ್ಲ.

ಅಪ್ಪ


ಕಾಕ್ಕನಾಡು, ಕೊಚ್ಚಿ
೨೯ ಮೇ ೨೦೨೫

ಅಪ್ಪ,

ನಾಲ್ಕು ತಿಂಗಳು ಬರೀ ಪೋಸ್ಟ್ ಕಾರ್ಡಿನಲ್ಲಿ 'ಕಾಲು ತಣ್ಣಗಿದೆ' ಎಂದು ಬರೆದು ಹಾಕಿದ್ದಕ್ಕೆ ಬೈದುಕೊಂಡಿರುತ್ತೀರಿ. ಬೇರೆ ಏನು ಬರೆಯಲೂ ಧೈರ್ಯವಿರಲಿಲ್ಲ.

ನಿನ್ನೆ ಅವಳಿಗೆ ನಾಲ್ಕು ತುಂಬಿತು. ಈ ಸಲ ಮಳೆ ಬೇಗ ಹಿಡಿದಿದೆ, ತಗಡಿನ ಚಪ್ಪರದ ಕೆಳಗೇ ಕೆಲಸ. ಡಾಕ್ಟರು ಏಪ್ರಿಲ್‌ನಲ್ಲೇ ಸರಿಯೆಂದಿದ್ದರು. ಜುಬೈದಾತ್ತ ಬೆಲ್ಲ ಹಿಡಿದುಕೊಂಡು ಬಂದು ಕೂತರು. ಎರಡು ಕಂಬಗಳನ್ನು ಗುಣಿಸು ಚಿಹ್ನೆಯಂತೆ ಇಟ್ಟೆ, ನಡುವೆ ನನ್ನ ಪಾದದ ಗಂಟಿನಷ್ಟೇ ಎತ್ತರ. ಲಗಾಮು ಸಡಿಲ ಬಿಟ್ಟೆ, ಎಡದ್ದನ್ನೂ. ಹತ್ತಿರ ಹೋಗಿ ನಿಂತಳು. ನಾನು ಸುಮ್ಮನೆ ಕೂತೆ. ಮಳೆಯ ಸದ್ದಿನಲ್ಲಿ ಎಷ್ಟು ಹೊತ್ತು ನಿಂತಿದ್ದಳೋ ಗೊತ್ತಿಲ್ಲ. ಆಮೇಲೆ ತಲೆ ತಗ್ಗಿಸಿದಳು, ಮೂಸಿದಳು, ಒಂದೊಂದೇ ಕಾಲೆತ್ತಿ ಹೊಸಿಲು ದಾಟುವಂತೆ ದಾಟಿದಳು. ಹಾರಲೂ ಇಲ್ಲ. ತಿರುಗಿಸಿ ತಂದೆ. ಎರಡನೆಯ ಸಲ ತಾನಾಗಿಯೇ ಒಂದು ಪುಟ್ಟ ನೆಗೆತ ನೆಗೆದಳು. ಅಷ್ಟಕ್ಕೇ ಇಳಿದುಬಿಟ್ಟೆ. 'ಇಷ್ಟೇನಾ?' ಎಂದರು ಜುಬೈದಾತ್ತ. 'ಇವತ್ತಿಗೆ ಇಷ್ಟೇ' ಎಂದೆ. ಬೆಲ್ಲದಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ ಕೊಟ್ಟರು.

ಜಂಪಿನ ಮುಂದೆ ನಿಂತಾಗ ಆ ಮಾತು ಕೇಳಿಸಲಿಲ್ಲ. ಮನೆಗೆ ಬಂದ ಮೇಲೆ ಅದು ಗಮನಕ್ಕೆ ಬಂತು.

ಇವತ್ತು ಬೆಳಿಗ್ಗೆ ನಾಲ್ಕೂ ಕಾಲು ತಣ್ಣಗಿತ್ತು.

ಭಾನುವಾರ ಜೂನ್ ಒಂದು. ಪ್ರತಿ ವರ್ಷ ಸವಾರಿ ಶಾಲೆಯವರು ದಾಖಲೆ ನೋಡಿ ಕೇಕು ತರುತ್ತಾರೆ, ನಾನೂ ನಕ್ಕು ಕತ್ತರಿಸುತ್ತೇನೆ. ಈ ಸಲ ಬೇಡವೆಂದೆ. ನನ್ನ ಹುಟ್ಟಿದ ದಿನ ಜುಲೈನಲ್ಲಿ, ಮೂವತ್ತಾರಲ್ಲ, ಮೂವತ್ತೈದು ಎಂದೆ. ಜುಲೈ ಎಷ್ಟನೇ ತಾರೀಖು ಎಂದು ಕೇಳಿದರು. ಹೇಳಲು ಗೊತ್ತಾಗಲಿಲ್ಲ. ಅಮ್ಮ 'ಆಷಾಢದಲ್ಲಿ, ಮಳೆಯಲ್ಲಿ' ಎನ್ನುತ್ತಿದ್ದಳು, ತಾರೀಖು ಕೇಳಿಯೇ ಇರಲಿಲ್ಲ. ಅದು ಗೊತ್ತಿರುವುದು ಈಗ ನಿಮ್ಮೊಬ್ಬರಿಗೇ.

ಬರೆದು ಕಳಿಸಬೇಡಿ. ಬಂದು ಹೇಳಿ. ತಿರುವನಂತಪುರದಲ್ಲಿ ರೈಲಿಗೆ ಅಜಿತಣ್ಣ ಹತ್ತಿಸುತ್ತಾನೆ, ಎರ್ನಾಕುಳಂನಲ್ಲಿ ನಾನಿರುತ್ತೇನೆ. ಕಿವಿಯ ಮಿಷಿನ್ ಹಾಕಿಕೊಂಡು ಬನ್ನಿ, ನಾನು ಹೇಳಬೇಕಾದದ್ದೂ ಇದೆ, ಎಲ್ಲ ಒಳ್ಳೆಯದೇ ಇರುವುದಿಲ್ಲ. ಡಬ್ಬಿಯನ್ನೂ ತನ್ನಿ. ತುಂಬೆಯ ಹಲ್ಲು ನನ್ನ ಹತ್ತಿರ ಇದೆ, ಸೆಗಣಿಯ ಬದಲು ಲದ್ದಿ ನಡೆಯುತ್ತದೋ ಇಲ್ಲವೋ ನೀವೇ ಹೇಳಬೇಕು.

ನಮ್ಮ ಲಾಯಕ್ಕೆ ಹೆಂಚಿನ ಮಾಡು ಇದೆ ಅಪ್ಪ. ಎರಡನ್ನೂ ನೀವೇ ಎಸೆಯಿರಿ.

ನಿಮ್ಮ
ಜೀವಿ